‘ಪಕ್ಕಪಕ್ಕ’ ಅಂದರೆ ಮೇಲೆ-ಕೆಳಗೂ ಆಗುತ್ತದೆಯೇ?

ಎಕ್ಸೆಲ್ ಬಳಕೆಯ ಬಗ್ಗೆ ಕನ್ನಡದಲ್ಲಿ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ‘ವ್ಯೂ ಸೈಡ್ ಬೈ ಸೈಡ್’ ಹತ್ತಿರ ಬಂದು ನಿಂತುಬಿಟ್ಟೆ. ಎರಡು ವಿಂಡೋಗಳನ್ನು ಒಂದೇ ಪರದೆಯಲ್ಲಿ ಇಟ್ಟು ನೋಡುವ ಆಯ್ಕೆ ಅದು. ಕನ್ನಡದಲ್ಲಿ ಏನನ್ನೋಣ?

ಮೊದಲು ‘ಅಕ್ಕಪಕ್ಕ’ ಅಂತ ಬರೆದೆ. ಕಿವಿಗೆ ಸರಿಬೀಳಲಿಲ್ಲ. ‘ಮನೆಯ ಅಕ್ಕಪಕ್ಕ’, ‘ಅಕ್ಕಪಕ್ಕದವರು’ ಅನ್ನುವಾಗ ನಡುವೆ ಒಂದಿದ್ದು, ಅದರ ಆಚೆ ಈಚೆ ಉಳಿದವು ಇರುತ್ತವೆ. ‘ಇಬ್ಬರೂ ಅಕ್ಕಪಕ್ಕ ಕೂತರು’ ಅಂತಲೂ ಹೇಳುತ್ತೇವೆ, ನಿಜ. ಆದರೂ ಬರೀ ಎರಡೇ ಇದ್ದಾಗ ‘ಪಕ್ಕಪಕ್ಕ’ ವಾಸಿ ಅನಿಸಿತು.

ಅಷ್ಟರಲ್ಲಿ ಇನ್ನೊಂದು ಪೇಚು. ಎಕ್ಸೆಲ್‌ನಲ್ಲಿ ಆ ಬಟನ್ ಒತ್ತಿದರೆ ಎಷ್ಟೋ ಸಲ ಎರಡು ವಿಂಡೋಗಳು ಒಂದರ ಕೆಳಗೊಂದು ಬಂದು ಕೂರುತ್ತವೆ! ‘ಪಕ್ಕ’ ಬಂದಿದ್ದು ‘ಪಕ್ಷ’ದಿಂದ, ಅಂದರೆ ರೆಕ್ಕೆ. ರೆಕ್ಕೆ ಎಡಕ್ಕೊಂದು ಬಲಕ್ಕೊಂದು ಇರಬೇಕು, ತಲೆಯ ಮೇಲೊಂದು ಕಾಲ ಕೆಳಗೊಂದು ಇದ್ದರೆ ಹಾರೋದು ಹೇಗೆ? ಕೈಪಿಡಿಯಲ್ಲಿ ‘ಪಕ್ಕಪಕ್ಕ ಬರುತ್ತವೆ’ ಅಂತ ಓದಿದವರು ತಾವೇ ಏನೋ ತಪ್ಪು ಒತ್ತಿದೆವು ಅಂದುಕೊಳ್ಳುತ್ತಾರೆ.

ಸರಿಮಾಡಲು, ವಿಂಡೋಗಳನ್ನು ಹೇಗೆ ಜೋಡಿಸಬೇಕು ಅಂತ ಆರಿಸುವ ‘ಅರೇಂಜ್ ಆಲ್’ಗೆ ಹೋದರೆ ಅಲ್ಲಿ ಇನ್ನೂ ಗೊಂದಲ. ‘ಹಾರಿಜಾಂಟಲ್’ ಆರಿಸಿದರೆ ವಿಂಡೋಗಳು ಮೇಲೆ-ಕೆಳಗೆ, ‘ವರ್ಟಿಕಲ್’ ಆರಿಸಿದರೆ ಎಡ-ಬಲ. ಹೆಸರು ಹೇಳುವುದು ಒಂದೊಂದು ವಿಂಡೋ ಹೇಗೆ ಚಾಚಿಕೊಂಡಿದೆ ಅಂತ, ನಮ್ಮ ತಲೆಗೆ ಬರುವುದು ಅವು ಯಾವ ಕಡೆಗೆ ಸಾಲಾಗಿವೆ ಅಂತ. ಇದನ್ನು ‘ಅಡ್ಡ’, ‘ಉದ್ದ’ ಅಂತ ಕನ್ನಡಿಸಿದರೆ ಗೊಂದಲವೂ ಜೊತೆಗೇ ಬರುತ್ತದೆ. ಸುಮ್ನೆ ‘ಮೇಲೆ-ಕೆಳಗೆ’, ‘ಎಡ-ಬಲ’ ಅಂದರೆ ಮುಗೀತು, ಅಲ್ವಾ?

ಹೀಗೆ ದಿಕ್ಕಿನ ಪದ ಹುಡುಕುತ್ತಾ ಇದ್ದಾಗ ಅನಿಸಿತು, ಇಲ್ಲಿ ದಿಕ್ಕು ಮುಖ್ಯವೇ ಅಲ್ಲ, ಎರಡನ್ನೂ ಒಟ್ಟಿಗೆ ಇಟ್ಟು ನೋಡುವ ಕೆಲಸ ಮುಖ್ಯ. ಆ ಕೆಲಸಕ್ಕೆ ‘ಹೋಲಿಸು’ ಎಂಬ ಮಾತೂ ನನಗೆ ಅಷ್ಟು ಒಗ್ಗಲಿಲ್ಲ. ಮುಖವನ್ನು ಚಂದ್ರನಿಗೆ ಹೋಲಿಸಬಹುದು. ಹೋದ ತಿಂಗಳ ಲೆಕ್ಕ, ಈ ತಿಂಗಳ ಲೆಕ್ಕ ಎರಡನ್ನೂ ಇಟ್ಟುಕೊಂಡು ಸಾಲು ಸಾಲಾಗಿ ನೋಡುವುದಕ್ಕೆ ನಮ್ಮಲ್ಲಿ ಬೇರೆ ಮಾತೇ ಇದೆ: ತಾಳೆ ನೋಡುವುದು. ‘ಲೆಕ್ಕ ತಾಳೆಯಾಗಲಿಲ್ಲ’ ಅಂದರೆ ಎಲ್ಲೋ ಒಂದು ಅಂಕಿ ತಪ್ಪಿದೆ ಅಂತ ತಕ್ಷಣ ಗೊತ್ತಾಗುತ್ತದೆ. ‘ಹೋಲಲಿಲ್ಲ’ ಅಂದರೆ ಆ ಅರ್ಥ ಬರುವುದಿಲ್ಲ. ಹಾಗಾಗಿ ಬಟನ್‌ಗೆ ‘ಜೋಡಿನೋಟ’, ವಿವರಣೆಯಲ್ಲಿ ‘ತಾಳೆ ನೋಡಲು’ ಅಂತ ಇಟ್ಟಿದ್ದೇನೆ.

‘ವಿಂಡೋ’ವನ್ನು ‘ಕಿಟಕಿ’ ಅನ್ನಲು ಮೊದಲು ಹಿಂಜರಿದಿದ್ದೆ. ‘ನ್ಯೂ ವಿಂಡೋ’ ವಿವರಿಸುವಾಗ ಅದೇ ಕೈಹಿಡಿಯಿತು. ಅಲ್ಲಿ ಕಡತ ಒಂದೇ, ಕಿಟಕಿ ಎರಡು. ಒಂದರಲ್ಲಿ ತಿದ್ದಿದ್ದು ಇನ್ನೊಂದರಲ್ಲೂ ಕಾಣುತ್ತದೆ, ಎರಡು ಕಿಟಕಿಗಳಿಂದ ಒಂದೇ ಅಂಗಳ ನೋಡಿದ ಹಾಗೆ. ‘ವಿಂಡೋ’ ಅಂತ ಬರೆದಿದ್ದರೆ ಇದನ್ನು ಹೇಳಲು ಇನ್ನೂ ನಾಲ್ಕು ಸಾಲು ಬೇಕಿತ್ತು.

ಉಳಿದಿದ್ದು ‘ಸಿಂಕ್ರೋನಸ್ ಸ್ಕ್ರಾಲಿಂಗ್’, ಅಂದರೆ ಒಂದು ಕಿಟಕಿಯಲ್ಲಿ ಸಾಲುಗಳನ್ನು ಸರಿಸಿದರೆ ಇನ್ನೊಂದರಲ್ಲೂ ಸರಿಯುವ ಆಯ್ಕೆ. ‘ಏಕಕಾಲಿಕ’ ಭಾರ ಜಾಸ್ತಿ. ‘ಒಟ್ಟಿಗೆ ಸರಿಸು’ ಹಗುರ. ಆದರೆ ಒಂದು ಕಿಟಕಿ 1ನೇ ಸಾಲಿನಿಂದ, ಇನ್ನೊಂದು 5ನೇ ಸಾಲಿನಿಂದ ಹೊರಟರೆ ಆ 4 ಸಾಲಿನ ಅಂತರ ಕೊನೆಯವರೆಗೂ ಹಾಗೇ ಇರುತ್ತದೆ. ‘ಒಟ್ಟಿಗೆ’ ಅಂದಾಗ ಎರಡರಲ್ಲೂ ಒಂದೇ ಸಾಲು ಕಾಣಬೇಕು ಅಂತ ಓದುವವರಿಗೆ ಅನಿಸುತ್ತದೆಯೇ? ‘ಜೊತೆಜೊತೆಗೆ ಸರಿಸು’ ಅಂದರೆ ಆ ಅನುಮಾನ ಕಡಿಮೆಯಾಗುತ್ತದೆಯೇ? ನಿಮ್ಮ ಕಿವಿಗೆ ಯಾವುದು ಸರಿ, ತಿಳಿಸಿ.