ಮಳೆನೀರಿನ ಹೊಂಡದ ದಂಡೆಗೆ ಯಾವ ಗಿಡ ಹಚ್ಚಲಿ?

ನವನಗರದವ: ನಮ್ಮ ಲೇಔಟಿನ ಮಳೆನೀರೆಲ್ಲ ಬಂದು ಸೇರುವ ಹೊಂಡವಿದೆ. ಬೇಸಿಗೆಯಲ್ಲಿ ಒಣಗಿ ಎರೆಮಣ್ಣು ಬಾಯಿ ಬಿಡುತ್ತದೆ. ದಂಡೆ ಕುಸಿಯುತ್ತಿದೆ. ಕೆಲವರು ಲಾನ್ ಹಾಕೋಣ ಅಂತಾರೆ. ನನಗೆ ಇಲ್ಲಿನದೇ ಗಿಡ ಬೇಕು.

ಸಾಧನಕೇರಿ ಅಕ್ಕ: ಲಾನ್ ಬೇಡವೇ ಬೇಡ ತಮ್ಮಾ. ನೀರು ಎಲ್ಲಿವರೆಗೆ ಏರುತ್ತದೆ ಅಂತ ಮೊದಲು ಗೂಟ ಹೊಡೆದು ಗುರುತು ಮಾಡು. ಒಂದೇ ಗಿಡ ಎಲ್ಲ ಕಡೆ ಬದುಕಲ್ಲ. ನೀರು ನಿಲ್ಲುವ ತಗ್ಗಿಗೆ ಜೇಕು ಹುಲ್ಲು. ಮೇಲೆ ಒಣಗಿದರೂ ಗಡ್ಡೆ ಮಣ್ಣೊಳಗೆ ಉಳಿದು, ಮಳೆಗೆ ಮತ್ತೆ ಚಿಗುರುತ್ತದೆ. ಇಳಿಜಾರಿಗೆ ಲಾವಂಚದ ಹುಲ್ಲು. ಗೇಣಿಗೊಂದು ಸಸಿ, ಅಡ್ಡಸಾಲಿನಲ್ಲಿ. ಬೇರು 2-3 ಮೀಟರ್ ನೇರ ಕೆಳಗಿಳಿದು ಮಣ್ಣು ಹಿಡಿಯುತ್ತದೆ. ಮೇಲ್ದಂಡೆಗೆ ಲಕ್ಕಿ, ಹೊಂಗೆ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ, ಆದರೆ ಲಕ್ಕಿಯ ತಂಟೆಗೆ ಅದೂ ಜಾಸ್ತಿ ಹೋಗಲ್ಲ! ಜೂನ್‌ನಲ್ಲಿ ಮಣ್ಣು ಹದವಾದ ಕೂಡಲೇ ಹಚ್ಚು. ಹೊಂಡ ತುಂಬುವ ಮುಂಚೆ ಬೇರೂರಬೇಕು, ಇಲ್ಲಾಂದ್ರೆ ಸಸಿ ತೇಲಿಹೋಗುತ್ತದೆ.

ನವನಗರದವ: ಕೆರೆಯಂಚಲ್ಲಿ ಎತ್ತರಕ್ಕೆ ಬೆಳೆಯುವ ಆಪು ಹುಲ್ಲು ಹಚ್ಚಬಹುದಾ ಅಕ್ಕಾ?

ಸಾಧನಕೇರಿ ಅಕ್ಕ: ಸುಮ್ನೆ ಯಾಕೆ ಹಚ್ತೀಯ? ಅದರ ಬೀಜ ಗಾಳಿಯಲ್ಲಿ ತಾನೇ ಬರುತ್ತದೆ. ಬಂದರೆ ಆಗಾಗ ಕೊಯ್ಯುತ್ತಿರು, ಬಿಟ್ಟರೆ ಹೊಂಡವೆಲ್ಲ ಅದರದೇ.

ಉಣಕಲ್ ಕಡೆಯವ: ಸಸಿ ನರ್ಸರಿಯಿಂದಲೇ ತನ್ನಿ ರೀ, ಕೆರೆಯಿಂದ ಕಿತ್ತು ತರಬೇಡಿ. ಅದರ ಜೊತೆ ಆ ನೇರಳೆ ಹೂವಿನ ತೇಲುವ ಕಳೆ (ವಾಟರ್ ಹಯಾಸಿಂತ್) ಒಂದು ಚೂರು ಬಂದರೂ ಮುಗೀತು. ಅದು ದಕ್ಷಿಣ ಅಮೆರಿಕದ್ದು. ಹುಬ್ಬಳ್ಳಿಯ ಉಣಕಲ್ ಕೆರೆ ಅದರಿಂದ ಎಷ್ಟು ಒದ್ದಾಡಿದೆ ಅಂತ ನೋಡಿದ್ದೀರಲ್ವಾ?