ಒಬ್ಬ ಗೋಲಂದಾಜ, ನಾಲ್ವರು ದಾಳಿಕಾರರು: ತಕ್ಕಡಿ ಎಲ್ಲಿ ತಪ್ಪುತ್ತಿದೆ?

ಬುರುಜಿನ ಹುಡುಗ (ವಿಜಯಪುರ)
ನಾವು ಮೂವರು ಗೆಳೆಯರು ಸೇರಿ ಒಂದು ಶೂಟರ್ ಗೇಮ್ ಮಾಡುತ್ತಿದ್ದೇವೆ. ಸದ್ಯಕ್ಕೆ ಇಟ್ಟಿರುವ ಹೆಸರು ‘ಒಂಟಿ ಬುರುಜು’. ಒಂದು ಕಡೆ ಒಬ್ಬನೇ ಗೋಲಂದಾಜ (ತೋಪು ಹಾರಿಸುವವನು), ಇನ್ನೊಂದು ಕಡೆ ನಾಲ್ವರು ದಾಳಿಕಾರರು. ಎಂಟು ನಿಮಿಷದೊಳಗೆ ಮದ್ದಿನ ಚೀಲವನ್ನು ಬುರುಜಿನ ಬುಡಕ್ಕೆ ತಂದಿಟ್ಟರೆ ನಾಲ್ವರು ಗೆದ್ದಂತೆ, ಇಲ್ಲವಾದರೆ ಗೋಲಂದಾಜ. ದಾಳಿಕಾರನಿಗೆ ಹೆಲ್ತ್ (ಸಾಯುವ ಮುನ್ನ ತಾಳಬಲ್ಲ ಪೆಟ್ಟು) 100, ಸೆಕೆಂಡಿಗೆ 20 ಡ್ಯಾಮೇಜ್ (ಎದುರಾಳಿಗೆ ಕೊಡುವ ಪೆಟ್ಟು). ಗೋಲಂದಾಜನಿಗೆ ಹೆಲ್ತ್ 300, ಸೆಕೆಂಡಿಗೆ 50 ಡ್ಯಾಮೇಜ್. ಇದುವರೆಗೆ 40 ಆಟ ಆಡಿಸಿ ನೋಡಿದೆವು. 26ರಲ್ಲಿ ಗೋಲಂದಾಜನೇ ಗೆದ್ದ. ಅವನ ಹೆಲ್ತನ್ನು 250ಕ್ಕೆ ಇಳಿಸೋಣ ಎನ್ನುತ್ತೇನೆ ನಾನು. ಉಳಿದಿಬ್ಬರು ಒಪ್ಪುತ್ತಿಲ್ಲ. ಮೂರು ದಿನದಿಂದ ಚಹಾ ಕುಡಿಯುವಾಗಲೂ ಇದೇ ಜಗಳ. ನೀವಾದರೂ ಹೇಳಿ.

ಐವತ್ತಕ್ಕೆ ಐವತ್ತು
ಇದರಲ್ಲಿ ಜಗಳವಾಡುವಂಥದ್ದು ಏನಿದೆ? 40ಕ್ಕೆ 26 ಎಂದರೆ ನೂರಕ್ಕೆ 65. ಸಮತೋಲನ ಎಂದರೆ 50. ಇಳಿಸಿ, ಮತ್ತೆ ಆಡಿಸಿ, ಮತ್ತೆ ಇಳಿಸಿ. ಐವತ್ತಕ್ಕೆ ಬಂದಾಗ ನಿಲ್ಲಿಸಿ. ಉಪ್ಪು ಹೆಚ್ಚಾದ ಸಾರಿಗೆ ನೀರು ಬೆರೆಸುವುದಕ್ಕೆ ಸಭೆ ಸೇರಿಸಬೇಕೇ?

ಖಾನಾಪುರದ ಮಳೆ (ಬೆಳಗಾವಿ)
ಸಾರಿನಲ್ಲಿ ಉಪ್ಪು ಹೆಚ್ಚಾಗಿದೆ ಎಂದು ಇನ್ನೂ ಸಾಬೀತಾಗಿಲ್ಲವಲ್ಲ. ಒಂದು ನಾಣ್ಯವನ್ನು 40 ಸಲ ಚಿಮ್ಮಿಸಿ. ಸರಿಯಾದ ನಾಣ್ಯವೇ ಆದರೂ 14ರಿಂದ 26ರವರೆಗೆ ಎಷ್ಟು ಬೇಕಾದರೂ ಬೀಳಬಹುದು. ಅದರಾಚೆ ಹೋಗುವುದು ಅಪರೂಪ. ನಿಮ್ಮ 26 ಸರಿಯಾಗಿ ಆ ಗಡಿಯ ಮೇಲೆ ನಿಂತಿದೆ. ಸಾವಿರ ಆಟದಲ್ಲಿ 650 ಬಂದಿದ್ದರೆ ನಾನೇ ಕತ್ತರಿ ತಂದುಕೊಡುತ್ತಿದ್ದೆ.

ನಾನು ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಪರೀಕ್ಷೆ ಮಾಡುವವಳು. ಒಟ್ಟು ಮೊತ್ತವನ್ನು ಮೊದಲು ನಂಬುವುದಿಲ್ಲ, ಅದು ಬಂದ ಕ್ರಮವನ್ನು ಕೇಳುತ್ತೇನೆ. ತಮ್ಮಾ, ಮೊದಲ 20 ಆಟದಲ್ಲಿ ಎಷ್ಟು, ಕೊನೆಯ 20ರಲ್ಲಿ ಎಷ್ಟು?

ಬುರುಜಿನ ಹುಡುಗ
ಅಕ್ಕಾ, ನೋಟ್‌ಬುಕ್ ತೆಗೆದು ನೋಡಿದೆ. ಮೊದಲ 20ರಲ್ಲಿ 17, ಕೊನೆಯ 20ರಲ್ಲಿ 9. ಮೊದಲ ಕಂತನ್ನು ಎಲ್ಲರೂ ಅವರವರ ಮನೆಯಿಂದ ಆಡಿದ್ದರು. ಎರಡನೆಯದು ಒಬ್ಬ ಗೆಳೆಯನ ಮನೆಯಲ್ಲಿ, ಶನಿವಾರ ರಾತ್ರಿ, ಐವರೂ ಒಂದೇ ಕೋಣೆಯಲ್ಲಿ.

ಖಾನಾಪುರದ ಮಳೆ
ಹಾಗಾದರೆ ನೀವು ಒಂದೇ ಆಟವನ್ನು 40 ಸಲ ಆಡಿಸಿಲ್ಲ, ಎರಡು ಬೇರೆ ಆಟಗಳನ್ನು ಇಪ್ಪತ್ತಿಪ್ಪತ್ತು ಸಲ ಆಡಿಸಿದ್ದೀರಿ. ಒಂದರಲ್ಲಿ ಗೋಲಂದಾಜ ಹುಲಿ, ಇನ್ನೊಂದರಲ್ಲಿ ಅವನೇ ಬೇಟೆ. ಎರಡನ್ನೂ ಕೂಡಿಸಿ ಸರಾಸರಿ ತೆಗೆದು ಅದಕ್ಕೆ ಔಷಧ ಕೊಡಲು ಹೊರಟಿದ್ದೀರಿ.

ಹುಲಿ-ಕುರಿ ಆಟ ಆಡಿದವರಿಗೆ ಇದು ಹೊಸದೇನಲ್ಲ. ಮೂರು ಹುಲಿ, ಹದಿನೈದು ಕುರಿ. ಕುರಿಗಳನ್ನು ಒಂದೊಂದಾಗಿ ಇಳಿಸುವಾಗ ಹುಲಿಯದೇ ದರ್ಬಾರು. ಮಕ್ಕಳು ಆಡಿದರೆ ಹುಲಿ ಗೆಲ್ಲುತ್ತದೆ, ಏಕೆಂದರೆ ಬೆನ್ನಿಗೆ ಬೆನ್ನು ಕೊಟ್ಟು ಕುರಿ ಇಳಿಸಬೇಕೆಂಬುದು ಮಕ್ಕಳಿಗೆ ಹೊಳೆಯುವುದಿಲ್ಲ. ನಮ್ಮ ಅಜ್ಜಿಗೆ ಕುರಿ ಕೊಟ್ಟರೆ ಹುಲಿ ಮಿಸುಕಾಡದಂತೆ ಕಟ್ಟಿ, ಎಲೆ ಅಡಿಕೆ ಹಾಕಿಕೊಂಡು ನಮ್ಮ ಮುಖ ನೋಡುತ್ತಾ ಕುಳಿತಿರುತ್ತಿದ್ದರು. ಮನೆ ಅದೇ, ಕಾಯಿ ಅದೇ. ಹುಲಿಗೆ ಬಲ ಹೆಚ್ಚೋ ಕಡಿಮೆಯೋ ಎಂದು ಕೇಳಿದರೆ, ಕುರಿ ಯಾರ ಕೈಯಲ್ಲಿದೆ ಎಂದು ತಿರುಗಿ ಕೇಳಬೇಕಾಗುತ್ತದೆ.

ಐವತ್ತಕ್ಕೆ ಐವತ್ತು
ಅಜ್ಜಿಯ ಕಥೆ ಚೆನ್ನಾಗಿದೆ. ಆದರೆ ಗೇಮ್ ಬಿಡುಗಡೆ ಮಾಡುವವನಿಗೆ ಕೊನೆಗೊಂದು ಸಂಖ್ಯೆ ಬೇಕು. 300 ಇಡಬೇಕೋ 250 ಇಡಬೇಕೋ, ಅಷ್ಟು ಹೇಳಿ.

ಖಾನಾಪುರದ ಮಳೆ
ಸಂಖ್ಯೆಯೇ ಬೇಕೆಂದರೆ ಲೆಕ್ಕವನ್ನೇ ಹಾಕೋಣ. ಯಾರ ಗುರಿಯೂ ತಪ್ಪುವುದಿಲ್ಲ ಎಂದಿಟ್ಟುಕೊಳ್ಳಿ. ಗೋಲಂದಾಜ ಒಬ್ಬನನ್ನು ಉರುಳಿಸಲು 2 ಸೆಕೆಂಡ್ ಬೇಕು. ಬಯಲಲ್ಲಿ ನಾಲ್ವರೂ ಒಟ್ಟಿಗೆ ಎದುರಾದರೆ ಮೊದಲ 2 ಸೆಕೆಂಡಿನಲ್ಲಿ ಅವನು ತಿನ್ನುವ ಪೆಟ್ಟು 160. ಒಬ್ಬ ಬಿದ್ದ ಮೇಲೆ ಮೂವರಿಂದ 120, ಆಮೇಲೆ 80, ಕೊನೆಗೆ 40. ಒಟ್ಟು 400. ಅದೇ ನಾಲ್ವರು ಒಂದು ಕಿರಿದಾದ ಬಾಗಿಲಲ್ಲಿ ಒಬ್ಬರ ಹಿಂದೆ ಒಬ್ಬರು ಬಂದರೆ ತಲೆಗೆ 40ರಂತೆ ಬರೀ 160.

ನಿಮ್ಮ 300 ಈ ಎರಡರ ನಡುವೆ ಇದೆ. 250 ಕೂಡ ನಡುವೆಯೇ ಇದೆ! ಬಯಲಲ್ಲಿ ನಾಲ್ವರೆದುರು 300 ಇದ್ದರೂ ಸಾಯುತ್ತಾನೆ, 250 ಇದ್ದರೂ ಸಾಯುತ್ತಾನೆ. ಬಾಗಿಲಲ್ಲಿ ಎರಡರಲ್ಲೂ ಉಳಿಯುತ್ತಾನೆ. ಬಯಲಲ್ಲಿ ಮೂವರೇ ಬಂದರೆ ಪೆಟ್ಟು 240. ಅಲ್ಲಿಯೂ ಎರಡರಲ್ಲೂ ಉಳಿಯುತ್ತಾನೆ. ಅಂದರೆ 50 ಕತ್ತರಿಸಿದರೂ ಯಾವ ಹೋರಾಟದ ಫಲವೂ ಬದಲಾಗುವುದಿಲ್ಲ. ಇನ್ನೊಂದಿಷ್ಟು ಇರಲಿ ಎಂದು 230 ಮಾಡಿದಿರೋ, ನಾಲ್ವರ ಕೆಲಸವನ್ನು ಮೂವರೇ ಮುಗಿಸುತ್ತಾರೆ, ಆಟವೇ ಕುಸಿಯುತ್ತದೆ. ಹೆಲ್ತ್ ಎಂಬುದು ನಲ್ಲಿಯಂತೆ ಹನಿಹನಿಯಾಗಿ ತಿರುಗುವುದಿಲ್ಲ, ಮೆಟ್ಟಿಲಿನಂತೆ ಇರುತ್ತದೆ. ನಿಜವಾದ ನಲ್ಲಿ ಇರುವುದು ಮ್ಯಾಪ್‌ನಲ್ಲಿ. ಬಾಗಿಲು ಎಷ್ಟು ಅಗಲ, ಒಮ್ಮೆಗೆ ಎಷ್ಟು ಮಂದಿ ನುಗ್ಗಬಹುದು, ಹಿಂದಿನಿಂದ ಬರಲು ದಾರಿ ಇದೆಯೇ, ಅಲ್ಲಿ ಕೈಯಿಡಿ.

ಬುರುಜಿನ ಹುಡುಗ
ಇದನ್ನು ನಮ್ಮ ಇಬ್ಬರಿಗೆ ಓದಿ ಹೇಳಿದೆ. ಅವರು ಗೆದ್ದವರಂತೆ ಕುಣಿಯುತ್ತಿದ್ದಾರೆ. ಅವರು ಈ ಲೆಕ್ಕ ಹಾಕಿಯೇನೂ ಬೇಡ ಎಂದಿರಲಿಲ್ಲ ಎಂಬುದು ಬೇರೆ ಮಾತು. ನಮ್ಮ ಮ್ಯಾಪ್‌ನಲ್ಲಿ ಬುರುಜಿಗೆ ಇರುವುದು ಎರಡೇ ಬಾಗಿಲು, ಎರಡೂ ಒಬ್ಬರು ಹಿಡಿಯುವಷ್ಟು ಅಗಲ.

ಚಾಲುಕ್ಯ ಕಾಕಾ (ಬಾಗಲಕೋಟೆ)
ನನಗೆ ಮೊಬೈಲ್ ಗೇಮ್ ಗೊತ್ತಿಲ್ಲ, ಮಗ ತೋರಿಸಿದ ಎಂದು ಓದಿದೆ. ನಾನು ಹುಡುಗರಿಗೆ ಕಬಡ್ಡಿ ಹೇಳಿಕೊಡುತ್ತೇನೆ. ನೀವು ಹೊಸದಾಗಿ ಹುಡುಕುತ್ತಿರುವುದನ್ನು ನಾವು ಮಣ್ಣಿನ ಮೇಲೆ ಆಡುತ್ತಲೇ ಇದ್ದೇವೆ. ದಾಳಿಗೆ ಹೋಗುವವನು ಒಬ್ಬ, ಎದುರಿಗೆ ಏಳು ಜನ, 30 ಸೆಕೆಂಡ್. ಹಾಗೆಂದು ದಾಳಿಗಾರನಿಗೆ ಯಾರೂ ಏಳು ಆಳಿನ ಬಲ ಕೊಟ್ಟಿಲ್ಲ. ಅವನು ಮುಟ್ಟಿದರೆ ಸಾಕು, ಅವರು ಹಿಡಿದು ನಿಲ್ಲಿಸಬೇಕು. ಇಬ್ಬರಿಗೂ ಬೇರೆ ಬೇರೆ ಕೆಲಸ. ನಿಮ್ಮದರಲ್ಲಿ ಎರಡೂ ಕಡೆಯವರು ಮಾಡುವುದು ಒಂದೇ, ಗುಂಡು ಹಾರಿಸುವುದು. ಅದಕ್ಕೇ ತಲೆ ಎಣಿಸುವ ಪರಿಸ್ಥಿತಿ ಬಂದಿದೆ.

ಇನ್ನೊಂದು ಮಾತು. ಅಂಗಣದಲ್ಲಿ ಮೂವರೋ ಅದಕ್ಕಿಂತ ಕಡಿಮೆಯೋ ಉಳಿದಾಗ ದಾಳಿಗಾರನನ್ನು ಹಿಡಿದರೆ ಸೂಪರ್ ಟ್ಯಾಕಲ್, ಒಂದು ಅಂಕ ಹೆಚ್ಚಿಗೆ. ಆರು ಜನಕ್ಕಿಂತ ಕಡಿಮೆ ಇದ್ದರೆ ದಾಳಿಗಾರನಿಗೆ ಬೋನಸ್ ಗೆರೆಯ ಅಂಕವೇ ಇಲ್ಲ. ಸೋಲುತ್ತಿರುವವರಿಗೆ ಬಲ ಕೊಡಲಿಲ್ಲ, ಆಸೆ ಕೊಟ್ಟರು. ನಿಮ್ಮ ಆಟದಲ್ಲಿ ಇಬ್ಬರು ಸತ್ತ ಮೇಲೆ ಉಳಿದಿಬ್ಬರು ಏನು ಮಾಡುತ್ತಾರೆ, ಮೊಬೈಲ್ ಕೆಳಗಿಡುತ್ತಾರೆಯೇ?

ಬುರುಜಿನ ಹುಡುಗ
ಕಾಕಾ, ನಿಜ ಹೇಳಬೇಕೆಂದರೆ ಇಡುತ್ತಾರೆ.

ರಾತ್ರಿ ಪಾಳಿ
ಇಲ್ಲಿ ಎಲ್ಲರೂ ನಾಲ್ವರು ಗೆಳೆಯರು ಸೇರಿ ಆಡುವುದನ್ನೇ ಲೆಕ್ಕ ಹಾಕುತ್ತಿದ್ದೀರಿ. ನನ್ನಂಥವರ ಬಗ್ಗೆಯೂ ಯೋಚಿಸಿ. ಪಾಳಿ ಮುಗಿಸಿ ಬೆಳಗಿನ ಜಾವ ಒಬ್ಬನೇ ಆಡುತ್ತೇನೆ. ಮನೆಯವರು ಮಲಗಿರುತ್ತಾರೆ, ಮೈಕ್ ಹಾಕುವ ಹಾಗಿಲ್ಲ. ಉಳಿದ ಮೂವರು ಯಾವ ಊರಿನವರೋ, ಯಾವ ಭಾಷೆಯವರೋ. ಬೆಳಗಾವಿಯ ಅಕ್ಕನವರ ಅಜ್ಜಿಯ ಕೈಗೆ ಆಟ ಹೊಂದಿಸಿದರೆ ನಾವು ದಿನಾ ಹುಲಿಯ ಬಾಯಿಗೆ.

2015ರಲ್ಲಿ ಇವಾಲ್ವ್ ಎಂಬ ಗೇಮ್ ಬಂತು, ನಾಲ್ವರು ಬೇಟೆಗಾರರು, ಒಂದು ದೈತ್ಯ. ನಾಲ್ವರಿಗೂ ಒಂದೊಂದು ಕಸುಬು. ದೈತ್ಯನನ್ನು ಕಟ್ಟಿಹಾಕಬೇಕಾದವನೊಬ್ಬ ಹೊಸಬನಾಗಿದ್ದರೆ ಉಳಿದ ಮೂವರು ಕಾಡು ಸುತ್ತಿದ್ದೇ ಸುತ್ತಿದ್ದು. ದೈತ್ಯ ಅಷ್ಟರಲ್ಲಿ ತಿಂದು ಬೆಳೆದಿರುತ್ತಿತ್ತು. 2018ರಲ್ಲಿ ಅದರ ಸರ್ವರ್‌ಗಳು ಮುಚ್ಚಿದವು. ಮುಚ್ಚಿದ್ದಕ್ಕೆ ಕಾರಣ ಅದೊಂದೇ ಎನ್ನುವುದಿಲ್ಲ, ಆದರೆ ನಾನು ಬಿಟ್ಟದ್ದಕ್ಕೆ ಅದೇ ಕಾರಣ.

ಜೊತೆಗೆ ಸರದಿಯ ಲೆಕ್ಕವನ್ನೂ ಹಾಕಿ. ನೂರು ಜನ ಕಾಯುತ್ತಿದ್ದಾರೆ, ಅದರಲ್ಲಿ 40 ಜನಕ್ಕೆ ಗೋಲಂದಾಜನೇ ಆಗಬೇಕು. ಉಳಿದ 60 ಜನರಿಂದ 15 ಆಟ ಮಾತ್ರ ಶುರುವಾಗುತ್ತವೆ. 25 ಗೋಲಂದಾಜರು ತೋಪಿನ ಮೇಲೆ ಕುಳಿತು ಆಕಳಿಸುತ್ತಿರುತ್ತಾರೆ. ಇದಕ್ಕೆ ಹೆಲ್ತ್ ಕತ್ತರಿಸುವುದು ಮದ್ದೇ? ದಾಳಿಕಾರನಾಗುವುದು ಖುಷಿಯ ಕೆಲಸವಾಗಬೇಕು.

ಐವತ್ತಕ್ಕೆ ಐವತ್ತು
ಕೌಂಟರ್-ಸ್ಟ್ರೈಕ್ ಎಂಬ ಶೂಟರ್ ಗೇಮ್‌ನವರು ಇದನ್ನೆಲ್ಲ ಎಂದೋ ಬಗೆಹರಿಸಿದ್ದಾರೆ. ಬಾಂಬ್ ಇಡುವವರು, ತಡೆಯುವವರು. ಕೆಲವು ಮ್ಯಾಪ್‌ಗಳು ಒಂದು ಕಡೆಗೆ ವಾಲಿಯೇ ಇರುತ್ತವೆ. ಅರ್ಧ ಆಟಕ್ಕೆ ಕಡೆ ಬದಲಿಸಿಕೊಳ್ಳುತ್ತಾರೆ. ಮೊದಲು 15 ಸುತ್ತಿಗೆ ಬದಲಾಗುತ್ತಿತ್ತು, 2023ರ ಹೊಸ ಆವೃತ್ತಿಯಲ್ಲಿ 12ಕ್ಕೆ. ವಾಲಿದ ನೆಲದ ಮೇಲೆ ಇಬ್ಬರೂ ಸಮನಾಗಿ ನಿಂತರೆ ತಕರಾರೇ ಇಲ್ಲ. ಎಲ್ಲರಿಗೂ ಒಮ್ಮೊಮ್ಮೆ ಗೋಲಂದಾಜನ ಪಾಳಿ ಕೊಡಿ, ಸರದಿಯೂ ಕರಗುತ್ತದೆ.

ರಾತ್ರಿ ಪಾಳಿ
ಅಲ್ಲಿ ಐವರಿಗೆ ಐವರು, ಬದಲಿಸಿಕೊಳ್ಳಬಹುದು. ಇಲ್ಲಿ ಒಬ್ಬನಿಗೆ ನಾಲ್ವರು. ಎಲ್ಲರಿಗೂ ಒಂದು ಸರದಿ ಬರಲು ಐದು ಸುತ್ತು, ಸುತ್ತಿಗೆ ಎಂಟು ನಿಮಿಷ, ಒಟ್ಟು 40 ನಿಮಿಷ. ತನ್ನ ಸರದಿ ಮುಗಿದ ಮೇಲೆ ಯಾರು ಕುಳಿತಿರುತ್ತಾರೆ? ಊಟವಾದ ಮೇಲೆ ಭಾಷಣ ಕೇಳಲು ನಿಂತವರನ್ನು ನಾನಂತೂ ಕಂಡಿಲ್ಲ.

ಖಾನಾಪುರದ ಮಳೆ
ರಾತ್ರಿ ಪಾಳಿಯವರ ಮಾತು ನಾಟಿತು. ಆದರೆ ಐವತ್ತು ಎಂಬುದೇ ದೇವರ ವಾಕ್ಯವಲ್ಲ. ಡೆಡ್ ಬೈ ಡೇಲೈಟ್ ಎಂಬ ಗೇಮ್ 2016ರಿಂದ ನಡೆಯುತ್ತಿದೆ, ಅದೂ ಒಬ್ಬ ಕೊಲೆಗಾರ, ನಾಲ್ವರು ತಪ್ಪಿಸಿಕೊಳ್ಳುವವರು. ಅದನ್ನು ಮಾಡಿದವರು ತಮ್ಮ ಗುರಿ ನೂರಕ್ಕೆ 60 ಸಾವು ಎಂದು ಬಹಿರಂಗವಾಗಿ ಹೇಳಿದ್ದಾರೆ. ನಾಲ್ವರಲ್ಲಿ ಸರಾಸರಿ ಇಬ್ಬರಿಗಿಂತ ಸ್ವಲ್ಪ ಹೆಚ್ಚು. ಅಲ್ಲಿ ಕೂಟ ಸೋತರೂ ನೀವೊಬ್ಬರು ತಪ್ಪಿಸಿಕೊಂಡರೆ ನಿಮಗದು ಗೆಲುವು. ಕಾಕಾ ಹೇಳಿದ ಆಸೆ ಅಂದರೆ ಇದೇ ಇರಬೇಕು. ಭಯ ಹುಟ್ಟಿಸಬೇಕಾದವನು ಅರ್ಧಕ್ಕರ್ಧ ಸೋಲುತ್ತಿದ್ದರೆ ಯಾರು ಹೆದರುತ್ತಾರೆ?

ನಿವೃತ್ತ ಮಾಸ್ತರ (ವಿಜಯಪುರ)
ನಮ್ಮ ಊರಿನ ಬುರುಜಿನ ಹೆಸರಿಟ್ಟಿದ್ದೀರಿ, ಹಾಗಾಗಿ ಬಾಯಿ ಹಾಕುತ್ತೇನೆ. ನಿಮ್ಮ ಗೋಲಂದಾಜ ಸೆಕೆಂಡಿಗೆ 50 ಪೆಟ್ಟು ಕೊಡುತ್ತಾನೆ ಎಂದಿರಿ. ಅದು ತೋಪೋ, ಹೊಲಿಗೆ ಯಂತ್ರವೋ? ನಮ್ಮೂರ ಮಲಿಕ್-ಎ-ಮೈದಾನ್ ತೋಪಿನ ಹತ್ತಿರ ಒಮ್ಮೆ ಹೋಗಿ ನಿಲ್ಲಿ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್ ತೂಕ, ಉದ್ದ ನಾಲ್ಕು ಮೀಟರ್‌ಗಿಂತ ತುಸು ಹೆಚ್ಚು. ಒಂದು ಸಲ ಹಾರಿಸಿದ ಮೇಲೆ ಅದನ್ನು ಮತ್ತೆ ಸಜ್ಜು ಮಾಡುವುದೇ ಒಂದು ಸಂಸಾರ. ಬತ್ತಿ ಹಚ್ಚಿದವನು ಸದ್ದಿಗೆ ಕಿವುಡನಾಗದಿರಲೆಂದು ಪಕ್ಕದ ನೀರಿನ ತೊಟ್ಟಿಯಲ್ಲಿ ಮುಳುಗುತ್ತಿದ್ದ ಎಂಬ ಪ್ರತೀತಿ ಇದೆ. ಪ್ರತೀತಿಯೇ ಇರಲಿ, ನಿಮಗೆ ಬೇಕಾದದ್ದು ಅದರಲ್ಲೇ ಇದೆ. ಗೋಲಂದಾಜನ ಹೊಡೆತ ಭೀಕರವಾಗಿರಲಿ. ಹೊಡೆದ ಪ್ರತಿ ಸಲವೂ ಅವನು ತೊಟ್ಟಿಗೆ ಧುಮುಕಲಿ. ಅವನು ನೀರಿನಲ್ಲಿರುವ ಆ ಕೆಲವು ಸೆಕೆಂಡ್ ದಾಳಿಕಾರರದ್ದು. ಆಗ ಮೈಕ್ ಇಲ್ಲದಿದ್ದರೂ ನಡೆಯುತ್ತದೆ, ತೋಪಿನ ಸದ್ದೇ ನಾಲ್ವರಿಗೂ ‘ಓಡಿ’ ಎಂದು ಹೇಳುತ್ತದೆ.

ಇನ್ನು ಸಮಯದ ವಿಷಯ. ನಿಮ್ಮ ಆಟದಲ್ಲಿ ಕಾಲ ಗೋಲಂದಾಜನ ಪರವಾಗಿದೆ. ಇತಿಹಾಸದಲ್ಲಿ ಉಲ್ಟಾ. 1685ರಲ್ಲಿ ನಮ್ಮೂರಿಗೆ ಶುರುವಾದ ಮೊಗಲರ ಮುತ್ತಿಗೆ ಒಂದು ವರ್ಷಕ್ಕೂ ಮಿಕ್ಕಿ ನಡೆದು, 1686ರ ಸೆಪ್ಟೆಂಬರ್‌ನಲ್ಲಿ ಸಿಕಂದರ್ ಆದಿಲ್‌ಶಾಹ ಶರಣಾದ. ಅಷ್ಟು ಹೊತ್ತಿಗೆ ಒಳಗಿದ್ದವರನ್ನು ಹಸಿವೆಯೇ ಹಿಂಡಿ ಹಾಕಿತ್ತು.

ಬುರುಜಿನ ಹುಡುಗ
ಮಾಸ್ತರರೇ, ತೊಟ್ಟಿಯ ಉಪಾಯ ಓದಿ ಮೂವರೂ ಎದ್ದು ನಿಂತೆವು. ಮಲಿಕ್-ಎ-ಮೈದಾನಕ್ಕೆ ನೂರು ಸಲ ಹೋಗಿದ್ದೇವೆ, ಫೋಟೋ ತೆಗೆಸಿಕೊಂಡು ಬಂದಿದ್ದೇವೆ, ಇದು ಹೊಳೆಯಲಿಲ್ಲ. ಒಳಗಿನವನ ದವಸ ಕರಗುತ್ತಾ ಹೋಗುವುದನ್ನು ಮುಂದಿನ ಮ್ಯಾಪ್‌ಗೆ ಇಟ್ಟುಕೊಳ್ಳುತ್ತೇವೆ.

ನನಗೂ ಒಂದು ಹುಚ್ಚು ಯೋಚನೆ ಬಂತು. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಂತೆ, ದಾಳಿಕಾರರು ಮೈಕ್‌ನಲ್ಲಿ ಮಾತಾಡಿದ್ದು ಹತ್ತಿರವಿರುವ ಗೋಲಂದಾಜನಿಗೂ ಕೇಳಿಸಿದರೆ? ಮಾತಾಡುವ ಕೂಟ ತನ್ನ ಜಾಗ ಬಿಟ್ಟುಕೊಡಬೇಕಾಗುತ್ತದೆ. ಸುಮ್ಮನೆ ಆಡುವ ಒಂಟಿಗ ಬಚಾವಾಗುತ್ತಾನೆ.

ರಾತ್ರಿ ಪಾಳಿ
ಇದಕ್ಕೆ ನನ್ನ ಎರಡೂ ಕೈ ಮೇಲೆ.

ಐವತ್ತಕ್ಕೆ ಐವತ್ತು
ನಾಲ್ವರು ಗೆಳೆಯರು ಬೇರೆ ಫೋನಿನಲ್ಲಿ ಕಾನ್ಫರೆನ್ಸ್ ಕರೆ ಹಾಕಿಕೊಂಡು ಕುಳಿತರೆ ನಿಮ್ಮ ಗುಮ್ಮಟ ಏನು ಮಾಡುತ್ತದೆ? ಪ್ರಾಮಾಣಿಕರಿಗೆ ಮಾತ್ರ ತಗಲುವ ದಂಡ ಇದು.

ಖಾನಾಪುರದ ಮಳೆ
ಈ ಒಂದು ವಿಷಯದಲ್ಲಿ ನಾನು ಐವತ್ತಕ್ಕೆ ಐವತ್ತು ಅವರ ಪರ. ತೊಟ್ಟಿ ಮೊದಲು ಮಾಡಿ, ಒಂದು ಬಾಗಿಲನ್ನು ಇಬ್ಬರು ಹಿಡಿಯುವಷ್ಟು ಅಗಲಿಸಿ, ಗುಮ್ಮಟ ಆಮೇಲೆ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತೆಂದು ತಿಳಿಯುವುದಿಲ್ಲ. ಒಂದೇ ಕೋಣೆಯಲ್ಲಿ ಕುಳಿತು ಮಾತಾಡಿದ್ದರಿಂದಲೇ 17 ಹೋಗಿ 9 ಆಯಿತು ಎಂಬುದಾದರೂ ಗಟ್ಟಿಯಾಗಿ ಗೊತ್ತಾಗಿದೆಯಲ್ಲ, ಅಲ್ಲಿಂದ ಹೊರಡಿ.

ನಾಲ್ವರಲ್ಲೊಬ್ಬ
ಎಲ್ಲರಿಗೂ ನಮಸ್ಕಾರ. ಶನಿವಾರ ರಾತ್ರಿ ಆಡಿದ ದಾಳಿಕಾರರಲ್ಲಿ ನಾನೂ ಒಬ್ಬ. ಇಷ್ಟು ದೊಡ್ಡ ಚರ್ಚೆ ಆಗುತ್ತದೆಂದು ಗೊತ್ತಿರಲಿಲ್ಲ, ಆದ್ದರಿಂದ ಹೇಳಿಬಿಡುತ್ತೇನೆ. ಗೋಲಂದಾಜ ಕಿಟಕಿಗೆ ಬೆನ್ನು ಮಾಡಿ ಕುಳಿತಿದ್ದ. ಹೊರಗೆ ಕತ್ತಲೆ, ಒಳಗೆ ದೀಪ. ಅವನ ಮಾನಿಟರ್ ಕಿಟಕಿಯ ಗಾಜಿನಲ್ಲಿ ಕನ್ನಡಿಯಂತೆ ಕಾಣುತ್ತಿತ್ತು. ಮೂರನೆಯ ಆಟದ ಹೊತ್ತಿಗೆ ನಮಗೆಲ್ಲರಿಗೂ ಗೊತ್ತಾಗಿತ್ತು. ಮಾತು ಆಡಿದ್ದು ಕಡಿಮೆಯೇ.

ಬುರುಜಿನ ಹುಡುಗ
ಆ ಗೋಲಂದಾಜ ನಾನೇ.

ಖಾನಾಪುರದ ಮಳೆ
ಆ 20 ಆಟಗಳನ್ನು ನೋಟ್‌ಬುಕ್‌ನಿಂದ ಹೊಡೆದು ಹಾಕಿ. ನನ್ನ ಕೊನೆಯ ವಾಕ್ಯವನ್ನೂ. ಬಾಗಿಲಿನ ಲೆಕ್ಕ ಹಾಗೇ ಇರಲಿ, ಅದಕ್ಕೂ ಕಿಟಕಿಗೂ ಸಂಬಂಧವಿಲ್ಲ. ಮುಂದಿನ ಸಲ ಪರದೆ ಎಳೆದು ಆಡಿ.

ಚಾಲುಕ್ಯ ಕಾಕಾ
ಒಂಬತ್ತು ಆಟ ಆದರೂ ಗೆದ್ದೆಯಲ್ಲೋ ತಮ್ಮಾ, ಅದು ಹೇಗೆ?