ತಿನ್ನುವ ಶಂಖಕ್ಕೆ ಕನ್ನಡದಲ್ಲಿ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ. ಒಂದು ಪದದ ಬಗ್ಗೆ ನಿಮ್ಮನ್ನು ಕೇಳಬೇಕಿತ್ತು. ಸ್ವಲ್ಪ ಉದ್ದ ಆಗುತ್ತೆ, ಬೈಕೊಳ್ಳಬೇಡಿ.

ನಮ್ಮ ಕನ್ನಡ ಕೂಟದ ಸಂಚಿಕೆಗೆ ಕೆರಿಬಿಯನ್ ಪ್ರವಾಸದ ಬಗ್ಗೆ ಬರೆಯುತ್ತಿದ್ದೇನೆ. ಹಡಗು, ಸಮುದ್ರ, ಬಿಸಿಲು ಎಲ್ಲ ಸಲೀಸಾಗಿ ಬಂತು. ಬಹಾಮಾಸ್ ಊಟದ ಹತ್ತಿರ ಬಂದಾಗ ಗಾಡಿ ನಿಂತಿತು. ಇಂಗ್ಲಿಷಿನಲ್ಲಿ ಸಿ-ಒ-ಎನ್-ಸಿ-ಎಚ್ ಅಂತ ಬರೆಯುತ್ತಾರಲ್ಲ, ದೊಡ್ಡ ಶಂಖದೊಳಗಿನ ಆ ಪ್ರಾಣಿಯನ್ನು ನಾನು ಕನ್ನಡದಲ್ಲಿ ಹೇಗೆ ಬರೆಯಲಿ? ಇಂಗ್ಲಿಷಿನವರಿಗೆ ಒಂದು ಆರಾಮ ಇದೆ. ಅಕ್ಷರ ಬರೆದು ಕೈ ತೊಳೆದುಕೊಂಡರೆ ಆಯಿತು, ಓದುವವರು ತಮಗೆ ಬಂದ ಹಾಗೆ ಓದಿಕೊಳ್ಳುತ್ತಾರೆ. ನಮ್ಮ ಲಿಪಿಯಲ್ಲಿ ಹಾಗೆ ಜಾರಿಕೊಳ್ಳೋಕೆ ಆಗಲ್ಲ. ಕಾಂಚ್ ಅಂತಲೋ ಕಾಂಕ್ ಅಂತಲೋ ಮೊದಲು ತೀರ್ಮಾನ ಮಾಡಿ ಆಮೇಲೆ ಬರೆಯಬೇಕು.

ಬಹಾಮಾಸ್ ರಾಜಧಾನಿ ನಸ್ಸೌಗೆ ಹೋಗುವ ತನಕ ನಾನು ಕಾಂಚ್ ಅಂತಲೇ ಅಂದುಕೊಂಡಿದ್ದೆ. ಬೆಂಚ್, ಲಂಚ್, ಪಂಚ್ ಎಲ್ಲ ಇರುವಾಗ ಇದು ಕಾಂಚ್ ಅಲ್ಲದೆ ಇನ್ನೇನು? ಅಲ್ಲಿ ಪ್ಯಾರಡೈಸ್ ಐಲೆಂಡಿಗೆ ಹೋಗುವ ಸೇತುವೆ ಕೆಳಗೆ ಮೀನು ದೋಣಿಗಳು ಬಂದು ನಿಲ್ಲುವ ಒಂದು ಜಾಗ ಇದೆ, ಪಕ್ಕದಲ್ಲೇ ಸಾಲಾಗಿ ಮರದ ಗೂಡಂಗಡಿಗಳು. ಟ್ಯಾಕ್ಸಿಯವರಿಗೆ 'ಪಾಟರ್ಸ್ ಕೇ' ಅಂದೆ. 'ಪಾಟರ್ಸ್ ಕೀ' ಅಂದರು. ಸಿ-ಎ-ವೈ ಅಂತ ಬರೆದು ಕೀ ಅಂತ ಓದುವುದು ಅಲ್ಲಿನ ರೂಢಿ. ಅದು ಮೊದಲನೇ ಏಟು. ಗೂಡಂಗಡಿ ಮುಂದೆ ನಿಂತು ಒಂದು ಕಾಂಚ್ ಸಲಾಡ್ ಕೊಡಿ ಅಂದೆ. ಅಂಗಡಿಯ ಹೆಂಗಸು ನಕ್ಕು, 'ಕಾಂಕ್, ಡಾರ್ಲಿಂಗ್, ಕಾಂಕ್' ಅಂದರು. ಎರಡನೇ ಏಟು. ಇಂಗ್ಲಿಷ್ ನಿಘಂಟುಗಳಲ್ಲಿ ಎರಡು ಉಚ್ಚಾರಣೆಯೂ ಇವೆ, ನಾನು ಆಮೇಲೆ ನೋಡಿದೆ. ಆದರೆ ಆ ಅಂಗಡಿ ಮುಂದೆ ನಿಂತು ನಿಘಂಟು ತೋರಿಸೋಕಾಗುತ್ತಾ? ಶಂಖದಿಂದ ಬಂದರೇ ತೀರ್ಥ, ಕಾಂಕ್ ಅಂದರೇ ಸಲಾಡ್.

ಸಲಾಡ್ ಮಾಡುವುದನ್ನು ನೋಡೋದೇ ಒಂದು ಮಜಾ. ಬೋಗುಣಿಯಷ್ಟು ದೊಡ್ಡ ಶಂಖ. ಹೊರಗೆ ಒರಟು, ಒಳಗಿನ ತುಟಿ ಮಾತ್ರ ಗುಲಾಬಿ ಬಣ್ಣ, ಎಳೆ ಮಗುವಿನ ಅಂಗಾಲಿನ ಹಾಗೆ. ತುದಿಯ ಸುರುಳಿ ಹತ್ತಿರ ಸುತ್ತಿಗೆಯಿಂದ ಒಂದು ತೂತು ಹೊಡೆದು, ಚಾಕು ತೂರಿಸಿ, ಒಳಗೆ ಹಿಡಿದುಕೊಂಡಿರುವ ಸ್ನಾಯುವನ್ನು ಕತ್ತರಿಸಿದರೆ ಆ ಕಡೆಯಿಂದ ಪ್ರಾಣಿ ಪೂರ್ತಿ ಜಾರಿ ಬರುತ್ತೆ. ಸಿಪ್ಪೆ ತೆಗೆದು, ಬಿಳಿ ಮಾಂಸವನ್ನು ಸಣ್ಣಗೆ ಹೆಚ್ಚಿ, ಈರುಳ್ಳಿ, ಟೊಮೆಟೊ, ದಪ್ಪ ಮೆಣಸಿನಕಾಯಿ, ಗೋಟ್ ಪೆಪ್ಪರ್ ಅನ್ನುವ ಭಯಂಕರ ಖಾರದ ಮೆಣಸು, ಮೇಲೆ ನಿಂಬೆ ಮತ್ತೆ ಹುಳಿ ಕಿತ್ತಳೆ ರಸ. ಒಲೆಯ ಸುದ್ದಿಯೇ ಇಲ್ಲ. ಕೋಸಂಬರಿ ಮಾಡಿದ ಹಾಗೇ ಅನ್ನಿ, ಹೆಸರುಬೇಳೆ ಜಾಗದಲ್ಲಿ ಶಂಖ. ವಾಸನೆ ಏನೂ ಇಲ್ಲ, ಸ್ವಲ್ಪ ಸಿಹಿ, ಬಲಿತ ಎಳನೀರಿನ ಗಂಜಿಯ ಹಾಗೆ ಹಲ್ಲಿಗೆ ಸಿಗುತ್ತೆ. ಒಳಗಿನಿಂದ ಗಾಜಿನ ದಾರದಂಥ ಒಂದು ಎಳೆ ಬರುತ್ತೆ, ಅದಕ್ಕೆ ಪಿಸ್ಟಲ್ ಅನ್ನುತ್ತಾರೆ. ಗಂಡಸರಿಗೆ ಒಳ್ಳೆಯದು ಅಂತ ನಂಬಿಕೆ. ನಮ್ಮ ಯಜಮಾನರ ಕಡೆ ಅದನ್ನು ಚಾಚಿದರು. ಇವರು ಯಾವುದೋ ಫೋನ್ ಬಂದ ಹಾಗೆ ಆ ಕಡೆ ಹೋದರು.

ಉಳಿದ ಹೆಸರುಗಳೂ ದಾರಿ ತಪ್ಪಿಸುತ್ತವೆ. ಕ್ರ್ಯಾಕ್ಡ್ ಕಾಂಕ್ ಅಂದರೆ ಬಿರುಕು ಬಿಟ್ಟದ್ದಲ್ಲ, ಮಾಂಸವನ್ನು ಸುತ್ತಿಗೆಯಿಂದ ಬಡಿದು ಮೆತ್ತಗೆ ಮಾಡಿ, ಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿದದ್ದು. ಸ್ಕಾರ್ಚ್ಡ್ ಕಾಂಕ್ ಅಂತ ಬೋರ್ಡ್ ನೋಡಿ ಸುಟ್ಟದ್ದು ಇರಬೇಕು ಅಂತ ಆಸೆಯಿಂದ ತಗೊಂಡೆ, ಅದು ಬೆಂಕಿಯ ಮುಖವನ್ನೇ ಕಂಡಿರಲಿಲ್ಲ. ಚಾಕುವಿನಿಂದ ಗೀರು ಹಾಕುವುದಕ್ಕೆ ಸ್ಕೋರ್ ಅನ್ನುತ್ತಾರಲ್ಲ, ಅದೇ ಬಾಯಿಂದ ಬಾಯಿಗೆ ಸ್ಕಾರ್ಚ್ ಆಗಿದೆಯಂತೆ. ಹಸಿ ಮಾಂಸಕ್ಕೆ ಗೀರು ಹಾಕಿ ನಿಂಬೆ ಹಿಂಡಿ ಕೊಡುತ್ತಾರೆ. ಫ್ರಿಟರ್ಸ್ ಬಗ್ಗೆ ಹೇಳೋದೇನಿಲ್ಲ, ಬೋಂಡಾ.

ಅವತ್ತು ರಾತ್ರಿ ಅಮ್ಮನಿಗೆ ವಾಟ್ಸಾಪ್ ಮಾಡಿದೆ, 'ಇವತ್ತು ಶಂಖ ತಿಂದೆ' ಅಂತ. ಅಮ್ಮ ಉಡುಪಿ ಕಡೆಯವರು, ಮೀನಿಲ್ಲದೆ ಊಟ ಇಳಿಯದವರು, ಮರುವಾಯಿ ಅನ್ನುವ ಚಿಪ್ಪಿನ ಸುಕ್ಕ ಮಾಡಿದರೆ ಓಣಿಗೆಲ್ಲ ಪರಿಮಳ. ಅಂಥ ಅಮ್ಮನ ಉತ್ತರ: 'ಹಲ್ಲು ಸರಿ ಇದೆಯಾ?'

ನನ್ನ ಪ್ರಶ್ನೆ ಹುಟ್ಟಿದ್ದು ಅಲ್ಲಿ. ಕನ್ನಡದಲ್ಲಿ ಶಂಖ ಅಂದರೆ ಚಿಪ್ಪು. ದೇವರ ಮುಂದೆ ಇಡುವುದು, ದಾಸಯ್ಯ ಊದುವುದು, ತೀರ್ಥ ಕೊಡುವುದು, ಕೃಷ್ಣನ ಕೈಯಲ್ಲಿ ಪಾಂಚಜನ್ಯ. ಅದರೊಳಗೆ ಒಂದು ಜೀವ ಇತ್ತು ಅನ್ನುವುದು ಆ ಪದದಲ್ಲಿ ಎಲ್ಲೂ ಇಲ್ಲ. ಖಾಲಿಯಾದ ಮೇಲೆ ಹೆಸರು ಬಂದ ಹಾಗಿದೆ.

ಇನ್ನೊಂದು ಸಂಗತಿ. ನಮ್ಮ ಶಂಖ ಮತ್ತೆ ಅವರ ಕಾಂಕ್ ಒಂದೇ ಪ್ರಾಣಿ ಅಲ್ಲ. ನಮ್ಮದು ಟರ್ಬಿನೆಲ್ಲಾ ಪೈರಮ್, ಮನ್ನಾರ್ ಕೊಲ್ಲಿಯಲ್ಲಿ ಮುಳುಗಿ ತೆಗೆಯುತ್ತಿದ್ದದ್ದು. ಅವರದು ಕ್ವೀನ್ ಕಾಂಕ್, ಬೇರೆ ಕುಟುಂಬದ್ದು. ತಮಾಷೆ ಅಂದರೆ, ತಟ್ಟೆಗೆ ಬರುವ ಅದು ಸಮುದ್ರದ ಪಾಚಿ, ಹುಲ್ಲಿನ ಮೇಲಿನದನ್ನು ಮೇಯುವ ಶುದ್ಧ ಸಸ್ಯಾಹಾರಿ. ನಮ್ಮ ದೇವರ ಮನೆಯಲ್ಲಿ ಕೂತಿರುವ ಶಂಖದ ಮೂಲ ನಿವಾಸಿ ಹುಳ ಹಿಡಿದು ತಿನ್ನುವ ಮಾಂಸಾಹಾರಿ. ಇದನ್ನು ಅಮ್ಮನಿಗೆ ಹೇಳಿಲ್ಲ.

ಪ್ರಾಣಿ ಬೇರೆ ಆದರೂ ಪದ ಮಾತ್ರ ಒಂದೇ ಮನೆಯದು. ಗ್ರೀಕಿನಲ್ಲಿ ಕೊಂಖೆ, ಲ್ಯಾಟಿನ್ನಿಗೆ ಹೋಗಿ ಕೊಂಕ, ಅಲ್ಲಿಂದ ಫ್ರೆಂಚ್, ಅಲ್ಲಿಂದ ಇಂಗ್ಲಿಷ್. ಸಂಸ್ಕೃತದ ಶಂಖ ಆ ಗ್ರೀಕ್ ಪದದ ದಾಯಾದಿ. ನಮ್ಮಲ್ಲಿ ಶ ಇರುವ ಕಡೆ ಅವರಲ್ಲಿ ಕ ಇರುವುದು ಬೇರೆ ಪದಗಳಲ್ಲೂ ಉಂಟು. ನಮ್ಮದು ದಶ, ಗ್ರೀಕರದು ದೆಕ. ನಮ್ಮದು ಶತ, ಅವರದು ಹೆಕಟೊನ್, ಪಹಣಿಯಲ್ಲಿ ಬರುವ ಹೆಕ್ಟೇರ್ ಆ ನೂರರಿಂದಲೇ ಬಂದದ್ದು. ಅಂದರೆ ಮೊದಲಿನ ಶ ಮತ್ತು ಕ ಬೇರೆಯಾದವು, ಕೊನೆಯ ಖ ಎರಡೂ ಕಡೆ ಉಳಿಯಿತು. ಹಾಗೆ ನೋಡಿದರೆ ಆ ಗೂಡಂಗಡಿಯ ಹೆಂಗಸಿನ ಕಾಂಕ್ ನಮ್ಮ ಶಂಖಕ್ಕೆ ಹತ್ತಿರ, ನನ್ನ ಕಾಂಚ್ ದೂರ. ಚಿಪ್ಪುಗಳ ಶಾಸ್ತ್ರಕ್ಕೆ ಇಂಗ್ಲಿಷಿನಲ್ಲಿ ಕಾಂಕಾಲಜಿ ಅಂತಲೇ ಅನ್ನುತ್ತಾರೆ. ಚಿಪ್ಪಿನ ಆಕಾರದ ಇಟಾಲಿಯನ್ ಪಾಸ್ತಾ ಪೊಟ್ಟಣದ ಮೇಲೆ ಕೊಂಕೀಲ್ಯೆ ಅಂತ ಇರುತ್ತಲ್ಲ, ಅದೂ ಇದೇ ಪದದ ಮರಿ. ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗಾಯಿತು ನನ್ನ ಹುಡುಕಾಟ.

ಹಾಗಂತ ಮೂಲ ಹೇಗಿತ್ತೋ ಹಾಗೇ ಅನ್ನಬೇಕು ಅನ್ನುವ ಪಂಡಿತರ ಗುಂಪಿಗೆ ನಾನು ಸೇರುವವಳಲ್ಲ. ಬೆಳೆಯುವವರು, ಹಿಡಿಯುವವರು, ಅಡುಗೆ ಮಾಡುವವರು ಏನನ್ನುತ್ತಾರೋ ಅದು ಸರಿ. ಬಹಾಮಾಸ್ ದೇಶದ ಲಾಂಛನದ ನೆತ್ತಿಯ ಮೇಲೆ ಈ ಶಂಖ ಕೂತಿದೆ. ಟರ್ಕ್ಸ್ ಅಂಡ್ ಕೇಕೋಸ್ ಬಾವುಟದಲ್ಲೂ ಇದೆ. ನಾವಿರುವ ಫ್ಲಾರಿಡಾದ ಕೀ ವೆಸ್ಟ್‌ನಲ್ಲಿ ಹುಟ್ಟಿ ಬೆಳೆದವರು ತಮ್ಮನ್ನೇ ಕಾಂಕ್ ಅಂತ ಕರೆದುಕೊಳ್ಳುತ್ತಾರೆ. 1982ರಲ್ಲಿ ಹೆದ್ದಾರಿಯಲ್ಲಿ ಗಡಿ ಪೊಲೀಸರು ತಡೆಗೋಡೆ ಹಾಕಿ ತಪಾಸಣೆ ಶುರು ಮಾಡಿದಾಗ ಸಿಟ್ಟಾಗಿ, ನಾವೇ ಬೇರೆ ದೇಶ, ಕಾಂಕ್ ರಿಪಬ್ಲಿಕ್ ಅಂತ ತಮಾಷೆಗೆ ಘೋಷಣೆ ಮಾಡಿದ್ದರು. ಅಲ್ಲಿ ಹೋಗಿ ಕಾಂಚ್ ಅಂದರೆ ಹೊರಗಿನವರು ಅಂತ ತಕ್ಷಣ ಗೊತ್ತಾಗುತ್ತೆ.

ಊರಿನ ಹೆಸರುಗಳಲ್ಲೂ ಇದೇ ಕಥೆ. 2002ರಲ್ಲಿ ದವಡೆ ಮುರಿದಿದ್ದರೂ ತಲೆಗೆ ಪಟ್ಟಿ ಕಟ್ಟಿಕೊಂಡು ಕುಂಬ್ಳೆ ಬೌಲ್ ಮಾಡಿ ಲಾರಾ ವಿಕೆಟ್ ತೆಗೆದದ್ದು ಎಲ್ಲಿ? ನಾವೆಲ್ಲ ಆಂಟಿಗುವಾ ಅಂತಲೇ ಓದಿದ್ದು, ಅಲ್ವಾ? ಅಲ್ಲಿನವರ ಬಾಯಲ್ಲಿ ಅದು ಆಂಟೀಗಾ. ಸೇಂಟ್ ಲೂಸಿಯಾ ಅವರಿಗೆ ಸೇಂಟ್ ಲೂಷಾ, ಗ್ರೆನಡಾ ಅವರಿಗೆ ಗ್ರೆನೇಡಾ. ಈಗ ನಾನು ಲೇಖನದಲ್ಲಿ ಆಂಟೀಗಾ ಅಂತ ಬರೆದರೆ ಅಚ್ಚಿನ ತಪ್ಪು ಅಂದುಕೊಳ್ಳುತ್ತೀರಿ. ಅಷ್ಟು ಹಳೆಯದಾಗಿ ಕೂತ ಹೆಸರನ್ನು ಅಲುಗಾಡಿಸುವುದು ಬೇಡ. ಆದರೆ ಕಾಂಕ್ ಕನ್ನಡಕ್ಕೆ ಇನ್ನೂ ಬಂದು ಕೂತಿಲ್ಲ, ಈಗಲೇ ಸರಿಯಾಗಿ ಕೂರಿಸಬಹುದು.

ಟ್ರಿನಿಡಾಡ್‌ನಲ್ಲಿ ಮಾತ್ರ ನನ್ನ ನಾಲಿಗೆಗೆ ಸ್ವಲ್ಪ ಮರ್ಯಾದೆ ಸಿಕ್ಕಿತು. 1845ರಲ್ಲಿ ಫತೇಲ್ ರಜಾಕ್ ಹಡಗಿನಿಂದ ಶುರುವಾಗಿ ಕಬ್ಬಿನ ಗದ್ದೆಗೆ ಕೂಲಿಗೆ ಬಂದವರಲ್ಲಿ ಭೋಜ್‌ಪುರಿ ಮಾತಾಡುವವರೇ ಜಾಸ್ತಿ, ಅವರ ತಿಂಡಿಗಳ ಹೆಸರು ಹಾಗೇ ಉಳಿದಿವೆ. ಬಾರಾ, ಚನ್ನಾ, ದಾಲ್‌ಪೂರಿ, ಬೈಗನ್ ಚೋಕಾ. ಎರಡು ಬಾರಾ ನಡುವೆ ಚನ್ನಾ ಹಾಕಿದರೆ ಡಬಲ್ಸ್, ಒಂದೇ ತಗೊಂಡರೂ 'ಒಂದು ಡಬಲ್ಸ್'. ಪರಾಠಾವನ್ನು ಕಲ್ಲಿನ ಮೇಲೇ ಬಡಿದು ಚಿಂದಿ ಮಾಡಿದ್ದು ಬಸ್-ಅಪ್-ಶಟ್. ಬಸ್ಸಿಗೂ ಶಟರಿಗೂ ಸಂಬಂಧ ಇಲ್ಲ, ಹರಿದ ಶರ್ಟಿನ ಹಾಗೆ ಕಾಣುತ್ತೆ ಅಂತ ಬರ್ಸ್ಟ್-ಅಪ್ ಶರ್ಟ್! ಕಲಲೂ ಅನ್ನುವ ಹೆಸರು ಇನ್ನೂ ಪೇಚು. ಜಮೈಕಾದಲ್ಲಿ ಕಲಲೂ ಅಂದರೆ ನಮ್ಮ ಹರಿವೆ ಸೊಪ್ಪಿನ ಜಾತಿ, ಟ್ರಿನಿಡಾಡ್‌ನಲ್ಲಿ ಕೆಸುವಿನ ಎಲೆಗೆ ತೆಂಗಿನ ಹಾಲು ಹಾಕಿ ಬೇಯಿಸಿದ್ದು. ಒಂದೇ ಉಚ್ಚಾರಣೆ, ಬೇರೆ ಸೊಪ್ಪು. ಇದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಶಂಖಕ್ಕೆ ವಾಪಸ್ ಬರೋಣ. ದ್ವೀಪ ಬದಲಾದರೆ ಅದರ ಹೆಸರೂ ಬದಲಾಗುತ್ತೆ. ಹೈಟಿ, ಮಾರ್ಟಿನೀಕ್, ಡಾಮಿನಿಕನ್ ರಿಪಬ್ಲಿಕ್ ಕಡೆ ಲಾಂಬಿ. ಪೋರ್ಟೊ ರಿಕೊದಲ್ಲಿ ಕರ್ರೂಚೊ. ಹೈಟಿಯವರ ಲಾಂಬಿ ನನಗೆ ತುಂಬ ಹಿಡಿಸಿತು, ಯಾಕೆಂದರೆ ಅವರಿಗೆ ತಿನ್ನುವುದೂ ಲಾಂಬಿ, ಊದುವುದೂ ಲಾಂಬಿ. ಹೈಟಿಯ ರಾಜಧಾನಿ ಪೋರ್ಟ್-ಒ-ಪ್ರಿನ್ಸ್‌ನಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡವನ ಒಂದು ಪ್ರಸಿದ್ಧ ಪ್ರತಿಮೆ ಇದೆ, ಕಾಲಿಗೆ ತುಂಡಾದ ಸರಪಳಿ, ಬಾಯಲ್ಲಿ ಶಂಖ, ಜನರನ್ನು ದಂಗೆಗೆ ಕರೆಯುತ್ತಿದ್ದಾನೆ. ಅದೇ ಪದ ಹೋಟೆಲಿನ ಪಟ್ಟಿಯಲ್ಲೂ ಇರುತ್ತೆ, ಯಾರಿಗೂ ಮುಜುಗರ ಇಲ್ಲ.

ಈಗ ನನ್ನ ಮುಂದಿರುವ ಆಯ್ಕೆ ಹೇಳುತ್ತೇನೆ. ಸುಮ್ನೆ ಶಂಖ ಅಂತ ಬರೆದರೆ ಅಮ್ಮನ ಹಲ್ಲಿನ ಪ್ರಶ್ನೆ ಎಲ್ಲ ಓದುಗರಿಗೂ ಬರುತ್ತೆ. ಶಂಖದ ಹುಳು ಅನ್ನಬಹುದು, ಆದರೆ ಅದು ಈಗಾಗಲೇ ತೋಟದಲ್ಲಿ ಅಡಿಕೆ, ಬಾಳೆ ಮೇಯುವ ಬಸವನಹುಳುವಿಗೆ ಪತ್ರಿಕೆಗಳಲ್ಲಿ ಬಳಕೆಯಾಗಿದೆ. ಅಲ್ಲದೆ ತಟ್ಟೆಯಲ್ಲಿ ಹುಳು ಅಂದರೆ ಯಾರು ಓದುತ್ತಾರೆ? ಗೆಳತಿಯೊಬ್ಬಳು ಶಂಖಮೀನು ಅಂತ ಸೂಚಿಸಿದಳು. ಮೀನಲ್ಲವಲ್ಲೇ ಅಂದೆ. ನಕ್ಷತ್ರಮೀನು ಮಾತ್ರ ಮೀನಾ ಅಂತ ಕೇಳಿದಳು. ಉತ್ತರ ಹೊಳೆಯಲಿಲ್ಲ. ಆದರೂ ಅದು ಯಾಕೋ ಇಲಾಖೆಯ ಕರಪತ್ರದ ಪದದ ಹಾಗೆ ಕೇಳುತ್ತೆ.

ನನ್ನ ಮನಸ್ಸು ವಾಲಿರುವುದು ಹೀಗೆ. ನಾವು ಅಂಗಳದಲ್ಲಿ ಓಡಾಡುವುದಕ್ಕೆ ಕೋಳಿ ಅಂತೀವಿ, ಹೋಟೆಲಿನಲ್ಲಿ ಚಿಕನ್ ಅಂತೀವಿ. ಕುರಿ ಹಟ್ಟಿಯಲ್ಲಿ, ಮಟನ್ ತಟ್ಟೆಯಲ್ಲಿ. ನಾಟಿ ಕೋಳಿ ಸಾರು ಇದಕ್ಕೆ ಹೊರತು, ಅದನ್ನು ಎಳೆದು ತರಬೇಡಿ. ಹಾಗೇ ಚಿಪ್ಪಿಗೆ ಶಂಖ, ತಿನಿಸಿಗೆ ಕಾಂಕ್ ಅಂತ ಮಾಡಿಕೊಂಡರೆ ಹೇಗೆ? 'ಶಂಖ ಒಡೆದು ಕಾಂಕ್ ತೆಗೆದರು' ಅಂತ ಬರೆದು ನೋಡಿದೆ, ಕಿವಿಗೆ ಅಡ್ಡ ಬರಲಿಲ್ಲ. ನಮ್ಮ ಸೊನ್ನೆಯೂ ಇಲ್ಲಿ ಸಹಾಯಕ್ಕಿದೆ. ಮುಂದೆ ಕ ಬಂದರೆ ಅದು ತಾನಾಗಿ ಙ ಆಗುತ್ತೆ, ಶಂಖದಲ್ಲಿ ಆದ ಹಾಗೇ. ಒಂದೇ ತೊಂದರೆ, ಕನ್ನಡದ ಬಾಯಿ ಕೊನೆಗೊಂದು ಉ ಸೇರಿಸದೆ ಬಿಡುವುದಿಲ್ಲ. ಕಾಂಕು ಆಗುತ್ತೆ, ಸ್ವಲ್ಪ ಬಾಯಿ ದುಂಡಗಾದರೆ ಕೊಂಕು. ಕೊಂಕು ಸಲಾಡ್! ಆಕಾರ ನೋಡಿದರೆ ತೀರಾ ತಪ್ಪೂ ಅಲ್ಲ.

ನಿಮ್ಮಲ್ಲಿ ಎರಡು ಕೇಳುತ್ತೇನೆ. ಮಲ್ಪೆ, ಗಂಗೊಳ್ಳಿ, ಕಾರವಾರದ ಕಡೆಯವರು ಇದ್ದರೆ ಹೇಳಿ, ಬಲೆಯಲ್ಲಿ ಜೀವ ಇರುವ ಶಂಖ ಬಂದಾಗ ಮೀನುಗಾರರು ಅದನ್ನು ಏನಂತ ಕರೆಯುತ್ತಾರೆ? ಒಳಗಿನ ಪ್ರಾಣಿಗೆ ಬೇರೆ ಹೆಸರು ಇದೆಯಾ? ತುಳುವಿನಲ್ಲಿ, ಕೊಂಕಣಿಯಲ್ಲಿ ಇದ್ದರೂ ಪರವಾಗಿಲ್ಲ, ಮರುವಾಯಿ, ತಿಸ್ರೆ ಬಂದ ಹಾಗೆ ಅದೂ ಕನ್ನಡಕ್ಕೆ ಬರಲಿ. ಎರಡನೆಯದು, ಕಾಂಕ್ ಅಂತ ಬರೆದರೆ ಮೊದಲ ಸಲ ಓದುವವರಿಗೆ ಸರಿಯಾಗಿ ಕೇಳಿಸುತ್ತಾ, ಅಥವಾ ಕಾಂಕ್ರೀಟ್ ನೆನಪಾಗುತ್ತಾ?

ಸಂಪಾದಕರು ಭಾನುವಾರದೊಳಗೆ ಲೇಖನ ಕಳಿಸಿ ಅಂದಿದ್ದಾರೆ. ಸದ್ಯಕ್ಕೆ ಹನ್ನೊಂದು ಕಡೆ 'ಆ ಪ್ರಾಣಿ' ಅಂತಲೇ ಬಿಟ್ಟಿದ್ದೇನೆ.